ಅಣ್ಣನಿಗೆ ಮಾತು ಕಲಿಸಿದ ವರ್ಷ

ಹೊಸದಾಗಿ ಸುಣ್ಣ ಬಳಿದ ಗೋಡೆ ಕಂಡರೆ ನನಗೆ ಮೊದಲು ಬರುವುದು ಅನುಮಾನ. ಬೇರೆಯವರಿಗೆ ಹಬ್ಬ ನೆನಪಾಗುತ್ತದೆ, ಮದುವೆ ನೆನಪಾಗುತ್ತದೆ. ನಾನು ಮಾತ್ರ ಆ ವಾಸನೆ ಮೂಗಿಗೆ ಬಿದ್ದ ಕೂಡಲೇ ಹಿಂಬಾಗಿಲಿಗೆ ಹೋಗಿ, ಒಳಗೆ ಒಲೆ ಉರಿಯುತ್ತಿದೆಯೇ ಎಂದು ಇಣುಕಿ ಬರುತ್ತೇನೆ. ಹೋದ ತಿಂಗಳು ನೆಂಟರೊಬ್ಬರ ಮನೆಯ ನಿಶ್ಚಿತಾರ್ಥಕ್ಕೆ ನಂದಿಗೆ ಹೋಗಿದ್ದಾಗಲೂ ಹಾಗೇ ಮಾಡಿದೆ. ಛತ್ರದ ಗೋಡೆ ಬೆಳ್ಳಗೆ ಹೊಳೆಯುತ್ತಿತ್ತು. ನಾನು ಸೀದಾ ಹಿಂದಕ್ಕೆ ಹೋಗಿ, ಕೊಪ್ಪರಿಗೆಯಲ್ಲಿ ಸಾರು ಕುದಿಯುವುದನ್ನು ಕಣ್ಣಾರೆ ನೋಡಿ ಬಂದು ಕೂತೆ. "ಅಜ್ಜಿಗೆ ಈ ವಯಸ್ಸಲ್ಲೂ ಊಟದ್ದೇ ಗ್ಯಾನ" ಎಂದು ಹುಡುಗಿಯರು ನಕ್ಕರು. ನಗಲಿ, ನನಗೇನು. ಅವರಿಗೆ ಗೊತ್ತಿಲ್ಲ.

ಆ ಛತ್ರದಿಂದ ರೈಲ್ವೆ ನಿಲ್ದಾಣದ ಕಡೆ ನಾಲ್ಕು ಹೆಜ್ಜೆ ಹೋದರೆ ಹಿಂದೆ ಒಂದು ದೊಡ್ಡ ಹೆಂಚಿನ ಮನೆಯಿತ್ತು. ಊಟವಾದ ಮೇಲೆ ಒಬ್ಬಳೇ ಹೋಗಿ ನೋಡಿದೆ. ಈಗ ಅಲ್ಲಿ ದ್ರಾಕ್ಷಿ ತುಂಬುವ ಪೆಟ್ಟಿಗೆಗಳನ್ನು ಒಟ್ಟಿದ್ದಾರೆ. ನಯಾಪೈಸೆ ಬಂದು ನಾಲ್ಕೈದು ವರ್ಷವಾಗಿದ್ದ ಕಾಲದಲ್ಲಿ, ಮುಂಗಾರು ಶುರುವಾದಾಗಿನಿಂದ ದಸರಾ ಕಳೆಯುವವರೆಗೆ, ನಮ್ಮ ಮುನಿರಾಜಣ್ಣ ಆ ಮನೆಯಲ್ಲಿದ್ದ. ಅವನನ್ನು ಯಾರೂ ಹೊತ್ತುಕೊಂಡು ಹೋಗಲಿಲ್ಲ. ನಾವೇ ಹಾಸಿಗೆ ಸುತ್ತಿ, ಟ್ರಂಕಿಗೆ ಬೀಗ ಹಾಕಿ, ಚಿಕ್ಕ ರೈಲು ಹತ್ತಿಸಿ ಕಳಿಸಿಕೊಟ್ಟೆವು.

ನಮ್ಮೂರು ಶಿಡ್ಲಘಟ್ಟಕ್ಕೆ ಎರಡು ಮೈಲಿ. ಸುತ್ತ ಹಿಪ್ಪುನೇರಳೆ ತೋಟ, ಮನೆಯೊಳಗೆ ರೇಷ್ಮೆ ಹುಳು. ಅಪ್ಪ, ಅಮ್ಮ, ಅಣ್ಣ, ನಾನು, ನಾಲ್ಕು ಜನ ಮನೆಯ ಒಂದು ಮೂಲೆಯಲ್ಲಿ ಬದುಕುತ್ತಿದ್ದೆವು. ಉಳಿದದ್ದೆಲ್ಲ ಹುಳುವಿನದು. ನನಗಾಗ ಹತ್ತೊಂಬತ್ತು, ಅಣ್ಣನಿಗೆ ಇಪ್ಪತ್ತೆರಡು. ಅಣ್ಣನಿಗೆ ಚಿಕ್ಕಂದಿನಿಂದ ಮಾತು ತೊದಲು. ಒಂದೊಂದು ದಿನ ಚೆನ್ನಾಗಿಯೇ ಆಡುತ್ತಿದ್ದ, ಒಂದೊಂದು ದಿನ 'ನೀರು' ಎನ್ನುವಷ್ಟರಲ್ಲಿ ಕುತ್ತಿಗೆಯ ನರ ಉಬ್ಬಿಬಿಡುತ್ತಿತ್ತು. ಅಮ್ಮನಿಗೆ ಅದನ್ನು ನೋಡಲು ಆಗುತ್ತಿರಲಿಲ್ಲ. ಅವನು 'ನೀ' ಎನ್ನುವಾಗಲೇ ಚೊಂಬು ಮುಂದೆ ಇಟ್ಟುಬಿಡುತ್ತಿದ್ದಳು. ಅವನ ಅರ್ಧ ಮಾತೆಲ್ಲ ಅಮ್ಮನೇ ಆಡುತ್ತಿದ್ದಳು ಎಂದರೂ ಸರಿಯೇ.

ಆದರೆ ರೇಷ್ಮೆಗೂಡಿನ ವ್ಯಾಪಾರದಲ್ಲಿ ಅಣ್ಣನನ್ನು ಮೀರಿಸುವವರು ಇರಲಿಲ್ಲ. ಆಗಿನ ಕಾಲಕ್ಕೆ ಶಿಡ್ಲಘಟ್ಟದಲ್ಲಿ ಬೆಲೆಯನ್ನು ಬಾಯಲ್ಲಿ ಹೇಳುತ್ತಿರಲಿಲ್ಲ. ಮಾರುವವನೂ ಕೊಳ್ಳುವವನೂ ಕೈ ಹಿಡಿದುಕೊಂಡು ಮೇಲೊಂದು ಟವೆಲ್ ಹಾಕಿಕೊಳ್ಳುತ್ತಿದ್ದರು. ಒಳಗೆ ಬೆರಳು ಹಿಡಿದು ಬೆಲೆ ಕೇಳುವುದು. ಒಪ್ಪಿಗೆಯಾದರೆ ಅಂಗೈ ಒತ್ತುವುದು, ಒಪ್ಪದಿದ್ದರೆ ಎದುರಿನವನ ಕಿರುಬೆರಳನ್ನು ಮಡಚಿ ತಳ್ಳುವುದು. ಮೇಲುಗಡೆ ಮುಖದಲ್ಲಿ ಏನೂ ಕಾಣಿಸಬಾರದು. ನಗುತ್ತಾ ಮಳೆ ಬೆಳೆ ಮಾತಾಡುತ್ತಾ ಇರಬೇಕು. ಮಾತಿಲ್ಲದ ಆ ಕೆಲಸಕ್ಕೆ ಅಣ್ಣ ಹೇಳಿ ಮಾಡಿಸಿದ ಹಾಗಿದ್ದ. ಶಿಡ್ಲಘಟ್ಟದಲ್ಲಿ ನೂಲು ಬಿಚ್ಚುವ ಫಿಲೇಚರ್ ಇಟ್ಟುಕೊಂಡಿದ್ದ ಬಾಷಾ ಸಾಬರು, ಅಪ್ಪನ ಹಳೆಯ ಸ್ನೇಹಿತರು, "ನಿಮ್ಮ ಮಗನ ಕೈ ಹಿಡ್ಕೊಂಡ್ರೆ ವಕೀಲರ ಕೈ ಹಿಡ್ಕೊಂಡಂಗೆ ಆಗ್ತದೆ ಗೌಡರೇ" ಎನ್ನುತ್ತಿದ್ದರು. ಹೆಣ್ಣುಮಕ್ಕಳು ಆ ಕಡೆ ಹೋಗುವ ಹಾಗಿರಲಿಲ್ಲವಾದ್ದರಿಂದ ಅಣ್ಣ ಮನೆಯಲ್ಲೇ ನನಗೆ ಅದನ್ನು ಆಟದ ಹಾಗೆ ಕಲಿಸಿದ್ದ. ಹುಳುವಿಗೆ ಸೊಪ್ಪು ಹಾಕಿ ಬಿಡುವಾದಾಗ ನಾವಿಬ್ಬರೂ ಸೆರಗಿನ ಕೆಳಗೆ ಕೈ ಹಿಡಿದುಕೊಂಡು ಹುಣಸೆಬೀಜದ ವ್ಯಾಪಾರ ಮಾಡುತ್ತಿದ್ದೆವು. ಒಂದು ಸಲವೂ ನಾನು ಗೆಲ್ಲಲಿಲ್ಲ.

ಅಷ್ಟಿದ್ದರೂ ಅವನಿಗೆ ಸಮಾಧಾನವಿರಲಿಲ್ಲ. ಆ ವರ್ಷ ಯುಗಾದಿ ಆದ ಮೇಲೆ ಅವನನ್ನು ಕರೆದುಕೊಂಡು ಗೌರಿಬಿದನೂರಿನ ಕಡೆ ಹೆಣ್ಣು ನೋಡಲು ಹೋಗಿದ್ದೆವು. ಹುಡುಗಿಯ ಸೋದರಮಾವ ಹೆಸರು ಕೇಳಿದ. ಅಣ್ಣ 'ಮು' ಹಿಡಿದುಕೊಂಡು ಒದ್ದಾಡಿದ. ಅಮ್ಮ "ಮುನಿರಾಜು" ಎಂದಳು. ಒಳಮನೆಯಲ್ಲಿ ಯಾರೋ ಕಿಸಕ್ಕನೆ ನಕ್ಕರು. ವಾಪಸ್ ಬರುವಾಗ ಬಸ್ಸಿನಲ್ಲಿ ಅಣ್ಣ ಕಿಟಕಿಯಿಂದ ಮುಖ ತಿರುಗಿಸಲೇ ಇಲ್ಲ. ಅದಾದ ಹದಿನೈದೇ ದಿನಕ್ಕೆ ಡೈರೆಕ್ಟರು ನಮ್ಮೂರಿಗೆ ಬಂದ.

ಡೈರೆಕ್ಟರು ಎಂದು ಎಲ್ಲರೂ ಕರೆಯುತ್ತಿದ್ದರು, ನಿಜವಾದ ಹೆಸರು ನಮಗೆ ಕೊನೆಗೂ ತಿಳಿಯಲಿಲ್ಲ. ಕಾವಿ ಇಲ್ಲ, ವಿಭೂತಿ ಇಲ್ಲ, ಪಾದಪೂಜೆ ಇಲ್ಲ. ಇಸ್ತ್ರಿ ಹಾಕಿದ ಪ್ಯಾಂಟು, ತುಂಬುತೋಳಿನ ಷರ್ಟು, ಜೇಬಿನಲ್ಲಿ ಎರಡು ಪೆನ್ನು. ಕಾವಿ ಉಟ್ಟು ಬಂದಿದ್ದರೆ ಅಪ್ಪ ಅಂಗಳದಿಂದಲೇ ಕಳಿಸಿಬಿಡುತ್ತಿದ್ದ. ಈತ ಶಾಲೆಯ ಜಗಲಿಯಲ್ಲಿ ಕಪ್ಪು ಹಲಗೆ ನಿಲ್ಲಿಸಿ, ಮಿದುಳಿನ ಚಿತ್ರ ಬರೆದು, ತನ್ನ 'ಮನೋದಾರ್ಢ್ಯ ವರ್ಗ'ದ ಬಗ್ಗೆ ಹೇಳಿದ. ಮರೆವು, ಅಂಜಿಕೆ, ತೊದಲು, ಕೋಪ, ಸೋಮಾರಿತನ, ಎಲ್ಲಕ್ಕೂ ಶಿಕ್ಷಣ. ಇದು ಧರ್ಮ ಅಲ್ಲ, ಸೈನ್ಸು ಎಂದ. ಜೊತೆಯಲ್ಲಿ ಬಂದಿದ್ದ ಒಬ್ಬ ಹುಡುಗ ಎದ್ದು ನಿಂತು, ತಾನು ಮೂರು ತಿಂಗಳ ಹಿಂದೆ ತೊದಲುತ್ತಿದ್ದೆ ಎಂದು ನೀರು ಹರಿದ ಹಾಗೆ ಭಾಷಣ ಮಾಡಿದ. ಅಣ್ಣ ಬಾಯಿ ತೆರೆದುಕೊಂಡು ನೋಡುತ್ತಿದ್ದ. ನಾನೂ ನೋಡಿದೆ. ಆ ಹುಡುಗ ಮಾತಾಡುವಷ್ಟು ಹೊತ್ತೂ ಡೈರೆಕ್ಟರು ಹಲಗೆಯ ಚೌಕಟ್ಟಿನ ಮೇಲೆ ಸೀಮೆಸುಣ್ಣದಿಂದ ಟಕ್ ಟಕ್ ಎಂದು ಕುಟ್ಟುತ್ತಿದ್ದ. ಅದ್ಯಾಕೆ ಎಂದು ನನಗೆ ಆಗಲೇ ಕೇಳಬೇಕೆನ್ನಿಸಿತು.

ಮನೆಗೂ ಬಂದ. ಅವತ್ತು ನಮ್ಮಲ್ಲಿ ಹುಳು ಮೂರನೇ ಜ್ವರಕ್ಕೆ ಕೂತಿತ್ತು. ರೇಷ್ಮೆ ಸಾಕದವರಿಗೆ ಇದನ್ನು ಹೇಳಬೇಕು: ಹುಳು ಬೆಳೆಯುವಾಗ ನಾಲ್ಕು ಸಲ ಚರ್ಮ ಬಿಡುತ್ತದೆ, ಅದನ್ನೇ ನಾವು ಜ್ವರ ಎನ್ನುವುದು. ಆಗ ಅದು ತಲೆ ಎತ್ತಿಕೊಂಡು ಅಲ್ಲಾಡದೆ ಇರುತ್ತದೆ. ಸೊಪ್ಪು ಹಾಕುವ ಹಾಗಿಲ್ಲ, ತಟ್ಟೆ ಮುಟ್ಟುವ ಹಾಗಿಲ್ಲ, ಜೋರಾಗಿ ಮಾತಾಡುವ ಹಾಗಿಲ್ಲ. ಬೇರೆ ದಿನಗಳಲ್ಲೂ ಕಾಲು ತೊಳೆಯದೆ ಒಳಗೆ ಕಾಲಿಡಬಾರದು, ಹೊರಗಿನವರು ಬರಬಾರದು, ಬೀಡಿ ವಾಸನೆ ಸೋಕಬಾರದು. ಈ ಕಟ್ಟುಪಾಡಿನಲ್ಲಿ ಒಂದು ಚೂರು ತಪ್ಪಿದರೂ ಬೆಳೆ ಹೋಯಿತೆಂದೇ ಲೆಕ್ಕ. ಡೈರೆಕ್ಟರು ಬಾಗಿಲಲ್ಲೇ ನಿಂತು ಅಮ್ಮನನ್ನು ಎಲ್ಲ ಕೇಳಿಕೊಂಡ. ಒಂದೊಂದಾಗಿ, ವಿನಯವಾಗಿ, ತಲೆಯಾಡಿಸುತ್ತಾ ಕೇಳಿಕೊಂಡ. ಆಮೇಲೆ ಹೇಳಿದ:

"ನಮ್ಮ ವರ್ಗದಲ್ಲೂ ಇದೇ ಪದ್ಧತಿ ತಾಯಿ. ಮನುಷ್ಯನ ಮನಸ್ಸಿಗೂ ನಾಲ್ಕು ಜ್ವರ ಇರುತ್ತೆ. ಆ ಹೊತ್ತಲ್ಲಿ ನೆಂಟರು ಬಂದು ಮುಟ್ಟಿದ್ರೆ ಕೆಟ್ಟುಹೋಗುತ್ತೆ. ನಿಮಗೆ ಬಿಡಿಸಿ ಹೇಳೋದೇ ಬೇಡ."

ಅಮ್ಮನ ಮುಖ ಅರಳಿತು. ಇಷ್ಟು ಓದಿದವನು ತನ್ನ ಹುಳುಮನೆಯ ಕೆಲಸಕ್ಕೆ ಬೆಲೆ ಕೊಟ್ಟನಲ್ಲ ಎಂದು. ಬೇರೆ ಊರಿನ ತಾಯಿಯಾಗಿದ್ದರೆ, ಮಗನನ್ನು ನೋಡಬೇಡ, ಮಾತಾಡಿಸಬೇಡ ಎಂದವನನ್ನು ಪೊರಕೆ ತೆಗೆದುಕೊಂಡು ಅಟ್ಟುತ್ತಿದ್ದಳೋ ಏನೋ. ನಮ್ಮಮ್ಮ ಮೂವತ್ತು ವರ್ಷದಿಂದ ಆ ಕಟ್ಟುಪಾಡನ್ನೇ ನಂಬಿ ಬದುಕಿದವಳು. "ಅಲ್ಲೂ ಹುಳುಮನೆ ಥರಾನೇ ಅಂತೆ ಕಣ್ರೀ. ಅಷ್ಟು ಕಟ್ಟುನಿಟ್ಟು ಇದ್ರೇನೇ ಬೆಳೆ ಬರೋದು" ಎಂದು ಅಪ್ಪನಿಗೆ ಹೇಳಿದಳು. ನಾನು "ಅಣ್ಣ ಹುಳ ಅಲ್ವಲ್ಲಮ್ಮ" ಎಂದೆ. "ನಿನಗೆ ಎಲ್ಲದರಲ್ಲೂ ಒಂದು ಕೊಂಕು" ಎಂದು ಗದರಿಸಿದಳು.

ಅಣ್ಣನಂತೂ ಆಗಲೇ ಟ್ರಂಕು ಒರೆಸುತ್ತಿದ್ದ.

ಹೋದ ಹೊಸದರಲ್ಲಿ ವಾರಕ್ಕೊಂದು ಕಾಗದ ಬರುತ್ತಿತ್ತು. ಆಮೇಲೆ ತಿಂಗಳಿಗೊಂದು. ಅಕ್ಷರ ಅಣ್ಣನದೇ, ಮಾತು ಅವನದಲ್ಲ. 'ಪೂಜ್ಯ ಮಾತಾಪಿತೃಗಳಲ್ಲಿ ವಿಜ್ಞಾಪನೆ' ಎಂದು ಶುರುವಾಗುತ್ತಿತ್ತು. ನಮ್ಮಣ್ಣ ಚಿಂತಾಮಣಿಯಲ್ಲಿ ಓದುವಾಗ ಬರೆಯುತ್ತಿದ್ದ ಕಾಗದದಲ್ಲಿ ಎಮ್ಮೆ ಕರು ಹಾಕಿತಾ, ಬಾವಿಯಲ್ಲಿ ನೀರು ಎಷ್ಟಿದೆ, ಸರೋಜಿ ನನ್ನ ಹೊಸ ಪೆನ್ಸಿಲ್ ಮುಟ್ಟಿದಳಾ ಎಂದೆಲ್ಲ ಇರುತ್ತಿತ್ತು. ಈ ಕಾಗದಗಳಲ್ಲಿ ಒಂದು ಎಮ್ಮೆಯೂ ಇರಲಿಲ್ಲ, ಸರೋಜಿಯಾದ ನಾನೂ ಇರಲಿಲ್ಲ. ನಾನು ಅದನ್ನು ಅಪ್ಪನಿಗೆ ಹೇಳಿದರೆ, "ದೊಡ್ಡವನಾದ, ಗಾಂಭೀರ್ಯ ಬಂತು" ಎಂದ.

ಆಷಾಢ ಕಳೆದು ಮಳೆ ಹಿಡಿದುಕೊಂಡಿತ್ತು. ಸೊಪ್ಪೆಲ್ಲ ಒದ್ದೆ, ಒದ್ದೆ ಸೊಪ್ಪು ಹಾಕಿದರೆ ಹುಳುವಿಗೆ ಸಪ್ಪೆರೋಗ ಬರುತ್ತದೆಂದು ಒಂದೊಂದು ಎಲೆಯನ್ನೂ ಬಟ್ಟೆಯಲ್ಲಿ ಒರೆಸುತ್ತಿದ್ದೆವು. ಅಣ್ಣನಿಲ್ಲದೆ ಮೂರು ಜನಕ್ಕೆ ಆ ಕೆಲಸ ಮುಗಿಯುತ್ತಲೇ ಇರಲಿಲ್ಲ. ಆ ಬೆಳೆ ಇಳಿಸಿ ಗೂಡು ಬಿಡಿಸಿದ ಮೇಲೆ ನಾನು ಹಟ ಹಿಡಿದೆ. ನೋಡಿಕೊಂಡಾದರೂ ಬರೋಣ, ಕರೆದುಕೊಂಡು ಬರುವುದು ಬೇಡ ಎಂದೆ. ಅಮ್ಮ ಒಬ್ಬಟ್ಟು ಕಟ್ಟಿಕೊಂಡಳು. ಇಬ್ಬರೂ ಬೆಳಗಿನ ರೈಲಿಗೆ ಹೊರಟೆವು.

ಆ ಮನೆಗೆ ಸುಣ್ಣ ಬಳಿದು ಎರಡು ದಿನವೂ ಆಗಿರಲಿಲ್ಲ. ಕಣ್ಣು ಕುಕ್ಕುವಷ್ಟು ಬಿಳುಪು. ಅಮ್ಮ "ಎಷ್ಟು ಚೊಕ್ಕಟ ನೋಡೇ" ಎಂದಳು. ನಾನು ಕೈಕಾಲು ತೊಳೆಯುವ ನೆಪದಲ್ಲಿ ಹಿಂದಕ್ಕೆ ಹೋದೆ. ಬೆಳಿಗ್ಗೆ ಹನ್ನೊಂದು ಗಂಟೆ. ಒಳಗೆ ಮೂವತ್ತು ಜನ ಇದ್ದಾರೆಂದು ಹೇಳಿದ್ದರು. ಅಡುಗೆಮನೆಯ ಮಾಡಿನಿಂದ ಹೊಗೆ ಬರುತ್ತಿರಲಿಲ್ಲ. ತೊಳೆದು ಬೋರಲು ಹಾಕಿದ ಪಾತ್ರೆ ಇಲ್ಲ, ಅನ್ನದ ಗಂಜಿ ಚೆಲ್ಲಿದ ಗುರುತಿಲ್ಲ, ಎಂಜಲೆಲೆ ಇಲ್ಲ. ಇನ್ನೂ ದೊಡ್ಡ ಸಂಗತಿ, ಹಿತ್ತಲಲ್ಲಿ ಒಂದು ನಾಯಿ ಇರಲಿಲ್ಲ, ಒಂದು ಕಾಗೆ ಇರಲಿಲ್ಲ. ಮೂವತ್ತು ಜನ ಉಣ್ಣುವ ಮನೆಯನ್ನು ನಾಯಿ ಬಿಟ್ಟು ಹೋಗುತ್ತದೆಯೇ? ಆಚೆ ದ್ರಾಕ್ಷಿ ತೋಟದಲ್ಲಿ ಹತ್ತು ಹನ್ನೆರಡು ಮಂದಿ ಗುಣಿ ತೋಡುತ್ತಿದ್ದರು. ಒಬ್ಬರೂ ಒಬ್ಬರ ಹತ್ತಿರ ಮಾತಾಡುತ್ತಿರಲಿಲ್ಲ. ಕೂಲಿಯವರಾಗಿದ್ದರೆ ಹಾಡಾದರೂ ಕೇಳಿಸಬೇಕಿತ್ತು. ನನ್ನನ್ನು ನೋಡಿ ಒಬ್ಬ ತಟ್ಟನೆ ತಲೆ ತಗ್ಗಿಸಿದ. ಅವತ್ತು ನಮ್ಮ ಶಾಲೆಯ ಜಗಲಿಯಲ್ಲಿ ಭಾಷಣ ಮಾಡಿದ ಹುಡುಗ ಅವನು.

ಮುಂದಿನ ಕೋಣೆಯಲ್ಲಿ ನಮ್ಮನ್ನು ಚಾಪೆಯ ಮೇಲೆ ಕೂರಿಸಿದರು. ಅಣ್ಣ ಬಂದ. ಕೆನ್ನೆ ಒಳಕ್ಕೆ ಹೋಗಿತ್ತು, ತಲೆ ಬೋಳಿಸಿದ್ದರು. ಅವನ ಹಿಂದೆ ಡೈರೆಕ್ಟರು ಬಂದು ಮೇಜಿನ ಮುಂದೆ ಕೂತು, ಪೆನ್ಸಿಲ್ ತೆಗೆದುಕೊಂಡು ಮೆಲ್ಲಗೆ ಕುಟ್ಟತೊಡಗಿದ. ಟಕ್. ಟಕ್. ಟಕ್. ಅಣ್ಣ ಆ ತಾಳಕ್ಕೆ ಸರಿಯಾಗಿ ಮಾತಾಡಿದ.

"ಅಮ್ಮ, ನಾನು ಇಲ್ಲಿ ಸಂತೋಷವಾಗಿದ್ದೇನೆ. ನನ್ನ ದೋಷಗಳನ್ನು ಕಂಡುಕೊಂಡಿದ್ದೇನೆ. ನನಗೆ ಯಾವ ಕೊರತೆಯೂ ಇಲ್ಲ."

ಒಂದು ಅಕ್ಷರ ತೊದಲಲಿಲ್ಲ. ಅಮ್ಮ ಬಾಯಿಗೆ ಸೆರಗು ಒತ್ತಿಕೊಂಡು ಅಳುವುದಕ್ಕೆ ಶುರುಮಾಡಿದಳು. ಇಪ್ಪತ್ತೆರಡು ವರ್ಷದಿಂದ ಆ ಒಂದು ಮಾತಿಗೆ ಕಾದಿದ್ದವಳು ಅವಳು. ನಾನೂ ಒಂದು ಗಳಿಗೆ ನಂಬಿದೆ, ಸುಳ್ಳು ಯಾಕೆ ಹೇಳಲಿ. ಆದರೆ ನಮ್ಮ ಮನೆಯಲ್ಲಿ ಹಾಗೆ ಪುಸ್ತಕದ ಭಾಷೆ ಆಡುವವರು ಯಾರೂ ಇಲ್ಲ. ಪಾಠ ಒಪ್ಪಿಸುವವನ ದನಿ ಅದು.

ಡೈರೆಕ್ಟರು ಅಷ್ಟಕ್ಕೆ ಬಿಡಲಿಲ್ಲ. ಒಂದು ನೋಟ್‌ಪುಸ್ತಕ ತೆಗೆದ. ಅಲ್ಲಿ ಸೇರಿದವರೆಲ್ಲ ತಮ್ಮ ಮನೆಯವರ ತಪ್ಪುಗಳನ್ನು ಬರೆಯಬೇಕಂತೆ. "ನಿಮ್ಮ ಮಗ ಬರೆದಿರೋದು ತಾಯಿ, ನಾನಲ್ಲ" ಎಂದು ಓದಿದ: 'ನನ್ನ ತಾಯಿ ನನ್ನ ಮಾತನ್ನು ಮುಗಿಸಲು ಬಿಡಲಿಲ್ಲ. ಆದ್ದರಿಂದ ನಾನು ಮೂಗನಾದೆ.'

ಅಮ್ಮನ ಅಳು ಗಕ್ಕನೆ ನಿಂತಿತು. ಅವಳ ಮುಖ ನೋಡಲಾಗಲಿಲ್ಲ. "ನಾನಾ?" ಎಂದಳು. "ನಾನಾ ಮಾಡಿದ್ದು?"

"ಬೇಕಂತ ಮಾಡಿದ್ದಲ್ಲ. ಅದಕ್ಕೇ ಹೇಳೋದು, ನಾಲ್ಕನೇ ಜ್ವರ ಮುಗಿಯೋವರೆಗೂ ನೀವು ಈ ಕಡೆ ಬರದೆ ಇದ್ದರೆ ಅವನಿಗೆ ಒಳ್ಳೇದು" ಎಂದ ಡೈರೆಕ್ಟರು, ಬಹಳ ಮೃದುವಾಗಿ. ಅವನ ಆ ಮೃದುತನಕ್ಕೆ ನಾನು ಎದ್ದು ಹೊಡೆಯಬೇಕಿತ್ತು. ಹೊಡೆಯಲಿಲ್ಲ. ಬದಲಿಗೆ ಅಣ್ಣನ ಹತ್ತಿರ ಸರಿದು, "ಏನಣ್ಣ, ಕೈ ಇಷ್ಟು ತಣ್ಣಗಿದೆ" ಎನ್ನುತ್ತಾ ಅವನ ಕೈ ಹಿಡಿದು ಮಡಿಲಿಗೆ ಎಳೆದುಕೊಂಡೆ. ಮೇಲೆ ಸೆರಗು ಹಾಕಿದೆ. ತಂಗಿ ಅಣ್ಣನ ಕೈ ಹಿಡಿದರೆ ಯಾರು ಏನೆನ್ನುತ್ತಾರೆ. ಮೇಲುಗಡೆ ನಗುತ್ತಾ ಕೇಳಿದೆ, "ಚೆನ್ನಾಗಿದ್ದೀಯಾ?" ಎಂದು.

"ಚೆನ್ನಾಗಿದ್ದೇನೆ" ಎಂದ ಅಣ್ಣ. ಸೆರಗಿನ ಕೆಳಗೆ ನನ್ನ ಕಿರುಬೆರಳನ್ನು ಮಡಚಿ ತಳ್ಳಿದ.

"ಊಟ ಮಾಡಿದ್ಯಾ?"

"ಮಾಡಿದ್ದೇನೆ." ಮತ್ತೆ ಕಿರುಬೆರಳು.

"ಇನ್ನೂ ಇರ್ತೀಯಾ ಇಲ್ಲೇ?"

"ಇರುತ್ತೇನೆ" ಎಂದು ಬಾಯಿ ಹೇಳಿತು. ಕೈ ಮಾತ್ರ ನನ್ನ ಬೆರಳನ್ನು ಮುರಿಯುವ ಹಾಗೆ ತಳ್ಳಿತು, ಒಂದು ಸಲ ಅಲ್ಲ, ಮೂರು ನಾಲ್ಕು ಸಲ. ಮುಖದಲ್ಲಿ ಒಂದು ಗೆರೆ ಬದಲಾಗಲಿಲ್ಲ. ವ್ಯಾಪಾರಸ್ಥನ ಮುಖ. ನಾನೂ ನಗುತ್ತಲೇ ಇದ್ದೆ. ಹೊರಗೆ ಬಂದು ರೈಲಿನಲ್ಲಿ ಕೂತ ಮೇಲೆ ನೋಡಿದರೆ ಬೆರಳು ಊದಿತ್ತು. ಅಮ್ಮನಿಗೆ ಹೇಳಿದೆ. ಅವಳು ಕೇಳಿಸಿಕೊಳ್ಳುವ ಸ್ಥಿತಿಯಲ್ಲಿರಲಿಲ್ಲ. ದಾರಿಯುದ್ದಕ್ಕೂ "ನನ್ನಿಂದಾನೇ, ನನ್ನಿಂದಾನೇ" ಎನ್ನುತ್ತಿದ್ದಳು. ಒಬ್ಬಟ್ಟಿನ ಡಬ್ಬಿಯನ್ನು ಅಲ್ಲೇ ಬಿಟ್ಟುಬಂದಿದ್ದೆವು. ಅದು ಯಾರ ಹೊಟ್ಟೆ ಸೇರಿತು ಎಂಬುದರಲ್ಲಿ ನನಗೆ ಅನುಮಾನವಿಲ್ಲ.

ಅಪ್ಪನನ್ನು ಒಪ್ಪಿಸಲು ಎರಡು ತಿಂಗಳು ಹಿಡಿಯಿತು. ಮಗ ತೊದಲದೆ ಮಾತಾಡಿದ ಎಂಬ ಸುದ್ದಿ ಊರೆಲ್ಲ ಹರಡಿತ್ತು. ಜನ ಬಂದು ಬಂದು ಅಪ್ಪನಿಗೆ ಶಾಭಾಸ್ ಹೇಳಿ ಹೋಗುತ್ತಿದ್ದರು. ಅದನ್ನು ಬಿಟ್ಟುಕೊಡಲು ಯಾವ ಅಪ್ಪನಿಗೆ ಮನಸ್ಸು ಬರುತ್ತದೆ? "ಅಲ್ಲಿ ಯಾರನ್ನೂ ಕಟ್ಟಿಹಾಕಿಲ್ಲ. ಬಾಗಿಲು ತೆಗೆದೇ ಅದೆ. ಬೇಡ ಅಂದ್ರೆ ಅವನೇ ಎದ್ದು ಬರ್ತಾನೆ" ಎನ್ನುತ್ತಿದ್ದ. ತೆರೆದ ಬಾಗಿಲಿನಿಂದ ಅಣ್ಣ ಯಾಕೆ ಎದ್ದು ಬರುತ್ತಿಲ್ಲ? ನನ್ನ ಬೆರಳೇ ಸುಳ್ಳು ಹೇಳಿತೋ ಏನೋ ಎಂದು ನನ್ನ ಮೇಲೇ ನನಗೆ ಅನುಮಾನ ಹುಟ್ಟಿದ ದಿನಗಳೂ ಇದ್ದವು.

ದಸರಾ ಆದ ಮೇಲೆ ಬಾಷಾ ಸಾಬರು ಗೂಡು ನೋಡಲು ಮನೆಗೆ ಬಂದರು. ನಾನು ಕಾಫಿ ಕೊಡುತ್ತಾ ಅಪ್ಪನ ಎದುರಿಗೇ ಎಲ್ಲ ಹೇಳಿಬಿಟ್ಟೆ. ಸಾಬರು ಲೋಟ ಕೆಳಗಿಟ್ಟರು.

"ಕಿರುಬೆರಳು ಮಡಚಿದ್ನಾ? ಎಷ್ಟು ಸಲ?"

"ಕೇಳಿದಷ್ಟು ಸಲಾನೂ ಸಾಬ್ರೇ."

ಅವರು ಅಪ್ಪನ ಕಡೆ ತಿರುಗಿದರು. "ಗೌಡರೇ, ಐದಾರು ವರ್ಷದಿಂದ ಆ ಹುಡುಗನ ಕೈ ಹಿಡ್ದಿದ್ದೀನಿ. ಬಾಯಿ ಯಾರು ಬೇಕಾದ್ರೂ ಕಲಿಸ್ಬಹುದು. ಕೈ ಹಂಗಲ್ಲ. ನೀವೇ ಹೋಗಿ ಒಂದ್ಸಲ ಹಿಡ್ದು ನೋಡಿ."

ನನ್ನ ಮಾತಿಗೆ ಜಗ್ಗದ ಅಪ್ಪ, ಗೂಡಿನವರ ಮಾತಿಗೆ ಜಗ್ಗಿದ. ಮಾರನೆಯ ದಿನವೇ ಮೂವರೂ ಹೋದೆವು, ಅಪ್ಪ, ಸಾಬರು, ನಾನು. ಅಮ್ಮ ಬರಲಿಲ್ಲ. ತಾನು ಬಂದರೆ ಅವನಿಗೆ ಕೆಟ್ಟದಾಗುತ್ತದೆ ಎಂದಳು.

ಅದೇ ಕೋಣೆ, ಅದೇ ಚಾಪೆ, ಅದೇ ಪೆನ್ಸಿಲ್. ಅಣ್ಣ ಇನ್ನೂ ಸೊರಗಿದ್ದ. ಅಪ್ಪ ಹೆಗಲಿನ ಟವೆಲ್ ತೆಗೆದು, "ಬಾರಪ್ಪ, ಪಕ್ಕಕ್ಕೆ ಬಾ" ಎಂದು ಅಣ್ಣನ ಬಲಗೈ ಹಿಡಿದು ಅದರ ಮೇಲೆ ಹಾಸಿದ. ಡೈರೆಕ್ಟರು ಪೆನ್ಸಿಲ್ ಕುಟ್ಟುತ್ತಲೇ ಇದ್ದ. ಅವನಿಗೆ ನಮ್ಮ ಜನರ ಬಗ್ಗೆ ಎಲ್ಲ ಗೊತ್ತಿತ್ತು, ಹುಳುಮನೆ ಗೊತ್ತಿತ್ತು, ತಾಯಂದಿರ ಮನಸ್ಸು ಗೊತ್ತಿತ್ತು. ಗೂಡಿನ ಮಾರುಕಟ್ಟೆಗೆ ಮಾತ್ರ ಅವನು ಒಂದು ದಿನವೂ ಕಾಲಿಟ್ಟಿರಲಿಲ್ಲ.

ಅಪ್ಪ ಮಳೆ ವಿಷಯ ಮಾತಾಡಿದ. ಕರಿ ಎಮ್ಮೆ ಕರು ಹಾಕಿದ್ದನ್ನು ಹೇಳಿದ. ಅಣ್ಣ "ಸಂತೋಷ" ಎಂದ. ಅಪ್ಪ ಅದೂ ಇದೂ ಕೇಳುತ್ತಾ ಹೋದ, ಅಣ್ಣ ತಾಳಕ್ಕೆ ಸರಿಯಾಗಿ ಉತ್ತರ ಹೇಳುತ್ತಾ ಹೋದ. ಟವೆಲ್ಲಿನ ಕೆಳಗೆ ಏನು ನಡೆಯಿತು ಎಂದು ನನಗೆ ಕಾಣಲಿಲ್ಲ. ಅಪ್ಪನ ಹಣೆಯಲ್ಲಿ ಬೆವರು ಒಡೆಯುವುದು ಕಾಣಿಸಿತು. ಕೊನೆಗೆ ಅಪ್ಪ ಟವೆಲ್ ಕೊಡವಿ ಹೆಗಲಿಗೆ ಹಾಕಿಕೊಂಡು ಎದ್ದು ನಿಂತ. ಅಣ್ಣನ ಕೈ ಬಿಡಲಿಲ್ಲ.

"ವ್ಯಾಪಾರ ಕುದುರಲಿಲ್ಲ ಸ್ವಾಮಿ. ನಮ್ಮ ಮಾಲು ನಾವು ಮನೆಗೆ ತಗೊಂಡು ಹೋಗ್ತೀವಿ" ಎಂದ.

ಡೈರೆಕ್ಟರಿಗೆ ಅರ್ಥವಾಗಲು ಸ್ವಲ್ಪ ಹೊತ್ತು ಬೇಕಾಯಿತು. ಆಮೇಲೆ ಎದ್ದು ಬಂದ. ದನಿ ಏರಿಸಲಿಲ್ಲ. "ಕರ್ಕೊಂಡು ಹೋಗಿ. ಆದರೆ ಅರ್ಧಕ್ಕೆ ಬಿಟ್ಟವರ ನಾಲಿಗೆ ಪೂರ್ತಿ ಬಿದ್ದುಹೋಗುತ್ತೆ ಅಂತ ಅವನಿಗೆ ಗೊತ್ತು. ಅಲ್ವೇನೋ ಮುನಿರಾಜು?" ಎಂದ. ಅಣ್ಣ ನಿಂತಲ್ಲೇ ನಡುಗತೊಡಗಿದ. ತೆರೆದ ಬಾಗಿಲಿಗೆ ಹಾಕಿದ್ದ ಬೀಗ ಯಾವುದೆಂದು ನನಗೆ ಆಗ ತಿಳಿಯಿತು. ಒಂದು ಕಡೆ ಅಪ್ಪ, ಒಂದು ಕಡೆ ಬಾಷಾ ಸಾಬರು ಹಿಡಿದುಕೊಂಡು ಅವನನ್ನು ಅಂಗಳ ದಾಟಿಸಿದರು. ಟ್ರಂಕು, ಹಾಸಿಗೆ ಕೇಳಲು ನಾನು ಒಳಗೆ ಹೋಗಲಿಲ್ಲ. ಇರಲಿ, ಹಾಳಾಗಿ ಹೋಗಲಿ.

ರೈಲು ಬರುವವರೆಗೆ ನಿಲ್ದಾಣದ ಬೆಂಚಿನ ಮೇಲೆ ಕೂತಿದ್ದೆವು. ಸಾಬರು ಬನ್ನು ತಂದುಕೊಟ್ಟರು. ಅಣ್ಣ ಅದನ್ನು ಕೈಯಲ್ಲಿ ಹಿಡಿದುಕೊಂಡು ಅಪ್ಪನನ್ನು ನೋಡುತ್ತಾ ಕೂತ. "ತಿನ್ನಪ್ಪ" ಎಂದು ಅಪ್ಪ ಹೇಳುವವರೆಗೆ ಬಾಯಿಗಿಡಲಿಲ್ಲ. ಮನೆಗೆ ಬಂದ ಮೇಲೂ ಹಾಗೇ. ಕೂರಲು ಕೇಳಬೇಕು, ಮಲಗಲು ಕೇಳಬೇಕು, ಹಿತ್ತಲಿಗೆ ಹೋಗಲೂ ಅಪ್ಪಣೆ. ಮಾತು ಮಾತ್ರ ಇನ್ನೂ ಪುಸ್ತಕದ ಹಾಗೇ ಇತ್ತು. ತೊಡೆಯ ಮೇಲೆ ತಾನೇ ಬೆರಳಿನಿಂದ ತಾಳ ಹಾಕಿಕೊಂಡು, "ನನಗೆ ನೀರು ಬೇಕಾಗಿದೆ" ಎನ್ನುತ್ತಿದ್ದ. ಅಕ್ಕಪಕ್ಕದವರು ಗುಣವಾಯಿತಲ್ಲ ಎಂದು ಖುಷಿಪಟ್ಟರು. ನನಗೆ ಆ ದನಿ ಕೇಳಿದರೆ ಮೈಯೆಲ್ಲ ಉರಿಯುತ್ತಿತ್ತು.

ದೀಪಾವಳಿ ಹೊತ್ತಿಗೆ ಆ ತಾಳ ಕೆಟ್ಟಿತು. ಚಂದ್ರಂಕಿ ಎನ್ನುವ ಬಿದಿರಿನ ದೊಡ್ಡ ತಟ್ಟೆಗೆ, ಗೂಡು ಕಟ್ಟಲು ಹಣ್ಣಾದ ಹುಳು ಬಿಡುತ್ತಿದ್ದೆವು. ಬೇಕಂತಲೇ ನಾನು ಹುಳುಗಳನ್ನು ಒತ್ತೊತ್ತಾಗಿ ಬಿಟ್ಟೆ. ಹಾಗೆ ಬಿಟ್ಟರೆ ಎರಡು ಹುಳು ಸೇರಿ ಒಂದೇ ಗೂಡು ಕಟ್ಟಿ ಬೆಲೆಗೆ ಬಾರದ ಹಾಗೆ ಮಾಡಿಬಿಡುತ್ತವೆ. ಅಣ್ಣ ನೋಡಿದ, ತಡೆದುಕೊಂಡ, ತಡೆಯಲಾಗಲಿಲ್ಲ. "ಏ ಸ...ಸ...ಸರೋಜಿ, ಕ...ಕಣ್ಣು ಕಾಣಲ್ವೇನೇ ನಿಂಗೆ!" ಎಂದು ಕೂಗಿದ. ನಾನು ಅಲ್ಲೇ ಕೂತು ಅತ್ತುಬಿಟ್ಟೆ. ಅಮ್ಮ ಬಾಗಿಲಲ್ಲಿ ನಿಂತಿದ್ದಳು. ಅವತ್ತಿನಿಂದ ಅವಳು ಅವನ ಮಾತಿಗೆ ಕೈ ಹಾಕಲಿಲ್ಲ.

ಆಮೇಲೆ ಒಂದೊಂದಾಗಿ ಹೇಳಿದ. ತೊದಲಿದ ದಿನ ಊಟವಿಲ್ಲ. ಜ್ವರಕ್ಕೆ ಕೂತಿದ್ದೀಯೆಂದು ಎರಡೆರಡು ದಿನ ನೀರು ಮಾತ್ರ. ಎಲ್ಲರೂ ಸುತ್ತ ಕೂತು ಒಬ್ಬನನ್ನು ನಡುವೆ ನಿಲ್ಲಿಸಿ, ಅವನು ಅಳುವವರೆಗೆ ಅವನ ತಪ್ಪು ಕೂಗಬೇಕು. ಅತ್ತರೆ ಅದು ಬೆಳವಣಿಗೆ. ನೋಟ್‌ಪುಸ್ತಕದಲ್ಲಿ ಅಮ್ಮನ ಬಗ್ಗೆ ಮೊದಮೊದಲು ಬರೆಯದೆ ಹೋಗಿದ್ದಕ್ಕೆ ಅವನನ್ನು ಮೂರು ದಿನ ಯಾರೂ ಮಾತಾಡಿಸಲಿಲ್ಲವಂತೆ. ಇಷ್ಟು ಹೇಳಲು ಅವನಿಗೆ ಒಂದು ತಿಂಗಳು ಹಿಡಿಯಿತು. ನಾವು ಕಾದೆವು.

ಧನುರ್ಮಾಸದಲ್ಲಿ ಬಾಷಾ ಸಾಬರು ಇನ್ನೊಂದು ಸುದ್ದಿ ತಂದರು. ನಂದಿಯ ಮನೆ ಖಾಲಿಯಾಗಿದೆ, ಅದೇ ಮನುಷ್ಯ ಚಿಂತಾಮಣಿಯಲ್ಲಿ ಬೇರೆ ಹೆಸರಿನಲ್ಲಿ ಶಿಬಿರ ಶುರುಮಾಡುತ್ತಿದ್ದಾನೆ, ಭಾನುವಾರ ಮಕ್ಕಳನ್ನು ಸೇರಿಸಿಕೊಳ್ಳುತ್ತಾನೆ ಎಂದು. ಅಪ್ಪ, "ನಮ್ಮವನು ಬಂದನಲ್ಲ, ಊರ ಉಸಾಬರಿ ನಮಗ್ಯಾಕೆ" ಎಂದ. ನಾನು ಹೋಗುತ್ತೇನೆ ಎಂದೆ. ಏನೇನು ಹೇಳಬೇಕೆಂದು ಮೂರು ದಿನ ಹುಳುಗಳ ಮುಂದೆ ಭಾಷಣ ಅಭ್ಯಾಸ ಮಾಡಿದ್ದೆ. ಬೆಳಿಗ್ಗೆ ಬಸ್ಸಿಗೆ ಹೊರಟಾಗ ಅಣ್ಣನೂ ಷರ್ಟು ಹಾಕಿಕೊಂಡು ಬಂದ.

ಬಾಡಿಗೆಗೆ ಹಿಡಿದ ಒಂದು ಅಕ್ಕಿ ಮಂಡಿಯ ಹಜಾರ. ತಾಯಿ ತಂದೆಯರು ಹಾಸಿಗೆಗಂಟು, ಟ್ರಂಕು ಪಕ್ಕದಲ್ಲಿಟ್ಟುಕೊಂಡು ಸಾಲಾಗಿ ಕೂತಿದ್ದರು. ಅವರ ಮಗ್ಗುಲಲ್ಲಿ ಹದಿನೈದು ಹದಿನಾರು ವರ್ಷದ ಹುಡುಗ ಹುಡುಗಿಯರು. ಡೈರೆಕ್ಟರು ನಮ್ಮನ್ನು ನೋಡಿದ. ಒಂದು ಚೂರೂ ಗಲಿಬಿಲಿಯಾಗಲಿಲ್ಲ. ನಾನು ಮಾತಾಡಲು ಎದ್ದೆ. ಅಣ್ಣ ನನ್ನ ರಟ್ಟೆ ಹಿಡಿದು ಕೂರಿಸಿ ತಾನು ನಿಂತ.

"ಇ...ಇ...ಇವರು..." ಎಂದ. ಮುಂದಕ್ಕೆ ಹೋಗಲಿಲ್ಲ. ಕುತ್ತಿಗೆಯ ನರ ಉಬ್ಬಿತು.

"ನೋಡಿ" ಎಂದ ಡೈರೆಕ್ಟರು, ಎಲ್ಲರಿಗೂ ಕೇಳುವ ಹಾಗೆ. "ಇವನು ನಮ್ಮಲ್ಲೇ ಇದ್ದ. ಸರಾಗವಾಗಿ ಮಾತಾಡ್ತಿದ್ದ. ಮನೆಯವರು ಅರ್ಧಕ್ಕೇ ಬಿಡಿಸಿಕೊಂಡು ಹೋದರು. ಈಗ ಗತಿ ನೋಡಿ. ಅರ್ಧಕ್ಕೆ ಬಿಟ್ಟವರ ಪಾಡು ಇದು."

ಜನ ಅಯ್ಯೋ ಎಂದರು. ಹಿಂದಿನ ಸಾಲಿನಲ್ಲಿ ಯಾರೋ ನಕ್ಕರು. ಅಣ್ಣನ ತೊದಲನ್ನೇ ಡೈರೆಕ್ಟರು ತನ್ನ ಸಾಕ್ಷಿ ಮಾಡಿಕೊಂಡಿದ್ದ. ಅಣ್ಣ ಕೂರಲಿಲ್ಲ. ಬಾಯಿ ತೆರೆದು, ಮುಚ್ಚಿ, ಮತ್ತೆ ತೆರೆದು, ನಿಂತೇ ಇದ್ದ. ಮುಂದಿನ ಸಾಲಿನಲ್ಲಿ ಒಬ್ಬ ಹೆಂಗಸು ಮಗಳ ಭುಜದ ಮೇಲೆ ಕೈ ಇಟ್ಟುಕೊಂಡು ಕೂತಿದ್ದಳು. ಆಂಧ್ರದ ಗಡಿಯ ಕಡೆಯವಳು. ಅವಳು ಅಣ್ಣನನ್ನೇ ನೋಡುತ್ತಾ ಕೇಳಿದಳು:

"ಅನ್ನ ಇಕ್ತಾರಾ ನಾಯನಾ ಅಲ್ಲಿ?"

ಉತ್ತರ ನನ್ನ ನಾಲಿಗೆಯ ತುದಿಯಲ್ಲಿತ್ತು. ಹಲ್ಲು ಕಚ್ಚಿ ಹಿಡಿದುಕೊಂಡೆ. ಡೈರೆಕ್ಟರು ಕೈಯಲ್ಲಿದ್ದ ಪೆನ್ನನ್ನು ಮೇಜಿಗೆ ಕುಟ್ಟತೊಡಗಿದ. ಆ ತಾಳ ಹಿಡಿದಿದ್ದರೆ ಅಣ್ಣನಿಗೆ ಮಾತು ಸಲೀಸಾಗಿ ಬರುತ್ತಿತ್ತು. ಅವನು ಅದನ್ನು ಹಿಡಿಯಲಿಲ್ಲ. ಎಷ್ಟು ಹೊತ್ತಾಯ್ತೋ, ಬೆವರಿಳಿದು ಷರ್ಟಿನ ಕಾಲರು ಒದ್ದೆಯಾಗಿತ್ತು.

"ಇ...ಇ...ಇಕ್ಕಲ್ಲಮ್ಮ" ಎಂದ.

ಆ ಹೆಂಗಸು ಹಾಸಿಗೆಗಂಟು ತಲೆಗೇರಿಸಿಕೊಂಡು, ಮಗಳ ಕೈ ಹಿಡಿದುಕೊಂಡು ಹೊರಟುಹೋದಳು. ಅವಳೊಬ್ಬಳೇ. ಉಳಿದವರು ಒಬ್ಬರ ಮುಖ ಒಬ್ಬರು ನೋಡಿಕೊಂಡು ಕೂತೇ ಇದ್ದರು. ಡೈರೆಕ್ಟರ ಕಡೆಯ ಇಬ್ಬರು ಬಂದು ನಮ್ಮನ್ನು ಹೊರಗೆ ಕಳಿಸಿದರು.

ಬಿಸಿಲಿಗೆ ಬಂದು ನಿಂತೆವು. ಒಳಗೆ ಹೆಸರು ಕೂಗಿ ಬರೆದುಕೊಳ್ಳುತ್ತಿದ್ದುದು ಕೇಳಿಸುತ್ತಿತ್ತು. ನನಗೆ ಅಳು ಬಂತು. "ಬಾ ಅಣ್ಣ, ಒಬ್ಬಳಾದರೂ ಉಳಿದಳಲ್ಲ. ಬಸ್ಸಿಗೆ ಹೊತ್ತಾಯ್ತು" ಎಂದೆ. ಅಣ್ಣ ಟವೆಲ್ಲಿನಿಂದ ಮುಖ ಒರೆಸಿಕೊಂಡ.

"ಒ...ಒಳಗೆ ಇನ್ನೂ ಮ...ಮಕ್ಕಳವ್ರೆ ಕಣೇ" ಎಂದು ಹೇಳಿ, ಚಪ್ಪಲಿ ಬಿಟ್ಟು ಮತ್ತೆ ಒಳಗೆ ಹೋದ.